ಅತ್ತೆಯ ನಾಣ್ಯದ ರಾಜ

ಆ ಊರಿನಲ್ಲಿ ಕನ್ನಡಕದ ಗಾಜು ಉಜ್ಜುವವನು ಒಬ್ಬನೇ ಇದ್ದ. ಅವನನ್ನು ಎಲ್ಲರೂ ಪಾಲಿಶಪ್ಪ ಎನ್ನುತ್ತಿದ್ದರು. ಹೆತ್ತವರು ಇಟ್ಟ ಹೆಸರೊಂದು ಇದ್ದಿರಲೇಬೇಕು, ಆದರೆ ಮತದಾರರ ಪಟ್ಟಿಯಲ್ಲಿ ಬಿಟ್ಟರೆ ಅದು ಬೇರೆಲ್ಲೂ ಉಪಯೋಗಕ್ಕೆ ಬಂದದ್ದನ್ನು ಕಂಡವರಿಲ್ಲ. ಮನುಷ್ಯ ಒಳ್ಳೆಯವನೇ. ಅವನ ಕೈ ಮಾತ್ರ ಸುಮ್ಮನೆ ಕೂರುವಂಥದ್ದಲ್ಲ. ಯಾರ ಮನೆಗೆ ಹೋದರೂ ಮಾತಾಡುತ್ತಾ ಮಾತಾಡುತ್ತಾ ಬಾಗಿಲ ಹಿಡಿಯನ್ನು ಕರವಸ್ತ್ರದಿಂದ ಒರೆಸುತ್ತಿದ್ದ. ಒಮ್ಮೆ ಸಾವಿನ ಮನೆಗೆ ಹೋದವನು ಗೋಡೆಗೆ ಒರಗಿಸಿಟ್ಟಿದ್ದ ಫೋಟೋದ ಗಾಜನ್ನು ಉಜ್ಜಿ ಬಂದ. ಮನೆಯವರು ಅಳು ನಿಲ್ಲಿಸಿ, ಇವರು ಇಷ್ಟು ಬೆಳ್ಳಗಿದ್ದರೇ ಎಂದು ತಮ್ಮತಮ್ಮಲ್ಲೇ ಕೇಳಿಕೊಂಡರಂತೆ.

ಅವನ ಕಸುಬಿಗೆ ನಿಯಮ ಒಂದೇ. ಗಾಜಿನ ಮೇಲೆ ಏನು ಕಂಡರೂ ಅದು ದೋಷ. ಗೀರಿರಲಿ, ಮಚ್ಚೆಯಿರಲಿ, ಏನೂ ಕಾಣದಾಗುವ ತನಕ ಉಜ್ಜಬೇಕು. ಏನೂ ಕಾಣದಾದ ಮೇಲೆ ಗಿರಾಕಿಗೆ ಎಲ್ಲವೂ ಕಾಣುತ್ತದೆ. ಇಪ್ಪತ್ತೆಂಟು ವರ್ಷ ಈ ನಿಯಮ ಪಾಲಿಸಿ ಪಾಲಿಶಪ್ಪ ಅರ್ಧ ಊರಿಗೆ ಕಣ್ಣು ಕೊಟ್ಟಿದ್ದ. ಇಂಥ ಮನುಷ್ಯನಿಗೆ ಹಳೆಯ ನಾಣ್ಯ ಕೂಡಿಡುವ ಹುಚ್ಚು ಯಾಕೆ ಹಿಡಿಯಿತು ಎಂದು ನೀವು ಕೇಳಬಹುದು. ಉತ್ತರ ಸುಲಭ. ಹುಚ್ಚು ಹಿಡಿದದ್ದು ನಾಣ್ಯದ್ದಲ್ಲ, ಕುರ್ಚಿಯದ್ದು.

ಮುದ್ರಣಾಲಯದ ಮೇಲಿನ ಮಹಡಿಯಲ್ಲಿ ಪ್ರಾಚೀನ ನಾಣ್ಯ ಸಂಗ್ರಾಹಕರ ಸಂಘ ಎಂದೊಂದಿತ್ತು. ಅದರಲ್ಲಿ ಎರಡು ಬಗೆಯ ಸದಸ್ಯರು. ಚಿನ್ನದ ನಾಣ್ಯ ಇದ್ದವರಿಗೆ ಮೆತ್ತೆ ಹಾಕಿದ ಕುರ್ಚಿ, ಸಾಸರಿನ ಸಮೇತ ಕಪ್ಪಿನಲ್ಲಿ ಚಹಾ, ಚರ್ಚೆಯಲ್ಲಿ ಮಾತಾಡುವ ಹಕ್ಕು. ತಾಮ್ರದ ನಾಣ್ಯದವರಿಗೆ ಗೋಡೆ ಬದಿಯ ಬೆಂಚು, ಲೋಟದಲ್ಲಿ ಚಹಾ, ತಲೆಯಾಡಿಸುವ ಹಕ್ಕು. ಮೆತ್ತೆ ಕುರ್ಚಿಯಲ್ಲಿ ಐವರಿದ್ದರು. ಅವರಲ್ಲಿ ಹಿರಿಯರು ಸಂಘದ ಅಧ್ಯಕ್ಷರು, ನಿವೃತ್ತ ಹೆಡ್‌ಮಾಸ್ತರರು. ‘ನನಗೆ ಗೊತ್ತಿಲ್ಲ’ ಎಂಬ ಮಾತನ್ನು ಅವರು ಮೂವತ್ತೈದು ವರ್ಷ ಮಕ್ಕಳ ಬಾಯಿಂದ ಕೇಳಿದ್ದರೇ ಹೊರತು ತಮ್ಮ ಬಾಯಿಂದ ಆಡಿದವರಲ್ಲ. ಅವರ ಎಡಬಲಕ್ಕೆ ಕಾರ್ಯದರ್ಶಿಯಾದ ಔಷಧಿ ಅಂಗಡಿಯವರು ಮತ್ತು ಹಲ್ಲಿನ ಡಾಕ್ಟರು. ಇನ್ನಿಬ್ಬರು ಇವರು ಹೇಳಿದ್ದಕ್ಕೆಲ್ಲ ಹೂಂಗುಟ್ಟುತ್ತಿದ್ದರು. ಪಾಲಿಶಪ್ಪ ಹನ್ನೊಂದು ವರ್ಷದಿಂದ ಬೆಂಚಿನ ಮೇಲಿದ್ದ. ಬೆಂಚಿಗೆ ಒಂದು ಕಾಲು ಗಿಡ್ಡ, ಯಾರಾದರೂ ಕೆಮ್ಮಿದರೆ ಸಾಲಿಗೆ ಸಾಲೇ ತೂಗುತ್ತಿತ್ತು. ಆದರೆ ಅವನ ಅಂಗಡಿಯಿಂದ ಹೋದ ಕನ್ನಡಕ ಹಾಕಿಕೊಂಡೇ ಆ ಐವರು ಅವನನ್ನು ನೋಡದೆ ಇರುತ್ತಿದ್ದರು. ಅದು ಅವನ ಹೊಟ್ಟೆ ಉರಿಸಿತು.

ಮನೆಯಲ್ಲಿ ಚಿನ್ನದ ನಾಣ್ಯ ಇಲ್ಲದೆ ಇರಲಿಲ್ಲ. ಒಂದಿತ್ತು, ನಿಜವಾಗಿಯೂ ಹಳೆಯದು. ಆದರೆ ಅದು ಅತ್ತೆಯದು. ಗಂಡ ತೀರಿಕೊಂಡ ಮೇಲೆ ಮಗಳ ಮನೆಗೆ ಬಂದಿದ್ದ ಅತ್ತೆ ಮುಂದಿನ ಕೋಣೆಯಲ್ಲಿರುತ್ತಿದ್ದರು. ದಿನಾ ಬೆಳಿಗ್ಗೆ ಎದ್ದ ಕೂಡಲೇ ತಮ್ಮ ಪೆಟ್ಟಿಗೆಯಿಂದ ಆ ನಾಣ್ಯ ತೆಗೆದು ಕಿಟಕಿಯ ಬೆಳಕಿಗೆ ಹಿಡಿದು ನೋಡಿ, ಮತ್ತೆ ಒಳಗಿಡುತ್ತಿದ್ದರು.

"ಅತ್ತೆ, ಒಂದೇ ಒಂದು ಭಾನುವಾರದ ಮಟ್ಟಿಗೆ ಕೊಡಿ. ಸಂಜೆ ತಂದುಕೊಡ್ತೀನಿ," ಎಂದ ಪಾಲಿಶಪ್ಪ.

"ಯಾತಕ್ಕೆ ಅಳಿಯಂದ್ರೇ?"

"ಕುರ್ಚಿಗೆ."

ಅತ್ತೆಗೆ ಅರ್ಥವಾಗಲಿಲ್ಲ, ಆದರೂ ಅಳಿಯ ಬಾಯಿಬಿಟ್ಟು ಏನನ್ನೂ ಕೇಳಿದವನಲ್ಲ. ನಾಣ್ಯವನ್ನು ಅವನ ಅಂಗೈಯಲ್ಲಿಟ್ಟರು. ಅದರ ಮೇಲೆ ಯಾವನೋ ರಾಜನ ಪಕ್ಕದ ಮುಖ, ಸುತ್ತ ಅಕ್ಷರಗಳು.

"ಈ ಮೂಗು ನೋಡಿ. ಥೇಟ್ ನಿಮ್ಮ ಮಾವಂದು. ಫೋಟೋ ತೆಗೆಸ್ಕೊಳ್ಳಿ ಅಂದ್ರೆ ಬದುಕಿರೋ ಮನುಷ್ಯನಿಗೆ ಫೋಟೋ ಯಾಕೆ ಅಂತಿದ್ರು. ನನಗೆ ಉಳಿದಿರೋ ಮುಖ ಇದೊಂದೇ. ಜೋಪಾನ."

ಪಾಲಿಶಪ್ಪ ಜೋಪಾನ ಮಾಡಿದ. ಅಲ್ಲೇ ಎಡವಟ್ಟಾದದ್ದು.

ಶನಿವಾರ ಮಧ್ಯಾಹ್ನ ಗಿರಾಕಿಗಳಿಲ್ಲದ ಹೊತ್ತಿನಲ್ಲಿ ನಾಣ್ಯವನ್ನು ಭೂತಗನ್ನಡಿಯ ಕೆಳಗಿಟ್ಟು ನೋಡಿದ. ರಾಜನ ಮೂಗಿನ ಪಕ್ಕ ಒಂದು ಚೂರು ಕೊಳೆ. ಅತ್ತೆಯ ನಾಣ್ಯವನ್ನು ಕೊಳೆಯ ಸಮೇತ ನಾಲ್ಕು ಜನರ ಮುಂದೆ ಇಡುವುದುಂಟೇ? ಬಟ್ಟೆಗೆ ಹೊಳಪಿನ ಪುಡಿ ಹಾಕಿ ಒಂದೇ ಒಂದು ಸಾರಿ ಒರೆಸಿದ. ಕೊಳೆ ಹೋಯಿತು. ಮೂಗಿನ ತುದಿಯೂ ಸ್ವಲ್ಪ ಹೋಯಿತು. ಈಗ ಮೂಗು ಕೆನ್ನೆಗೆ ಹೊಂದಲಿಲ್ಲ, ಕೆನ್ನೆಯನ್ನು ಸರಿಮಾಡಿದ. ಕೆನ್ನೆ ಸರಿಹೋದ ಮೇಲೆ ಗದ್ದ ಎದ್ದು ಕಂಡಿತು. ಅಷ್ಟರಲ್ಲಿ ಕೈಗೆ ಹುರುಪು ಬಂದಿತ್ತು. ನಾಣ್ಯವನ್ನು ಉಜ್ಜುವ ಚಕ್ರಕ್ಕೆ ಹಿಡಿದ. ಕಣ್ಣು ನಾಣ್ಯ ಎನ್ನುತ್ತಿದ್ದರೂ ಇಪ್ಪತ್ತೆಂಟು ವರ್ಷದ ಕೈ ಅದನ್ನು ಗಾಜು ಎಂದೇ ತಿಳಿಯಿತು. ಅಕ್ಷರಗಳೆಲ್ಲ ಅದಕ್ಕೆ ಗೀರುಗಳಾಗಿಯೇ ಕಂಡವು. ಒಂದು ಬದಿ ನುಣ್ಣಗಾದ ಮೇಲೆ ಇನ್ನೊಂದು ಬದಿ ಒರಟಾಗಿರುವುದು ಚೆಂದವೇ? ಅದನ್ನೂ ಮುಗಿಸಿದ. ಆಮೇಲೆ ನಾಣ್ಯವನ್ನು ಬೆಳಕಿಗೆ ಹಿಡಿದು, ಅಭ್ಯಾಸ ಬಲದಿಂದ, "ಏನೂ ಕಾಣ್ತಿಲ್ಲ, ಫಸ್ಟ್ ಕ್ಲಾಸ್," ಎಂದ. ಎಂದ ಮೇಲೆ ತಾನು ಹಿಡಿದದ್ದು ಗಾಜಲ್ಲವೆಂದು ಹೊಳೆಯಿತು.

ಊಟದ ಡಬ್ಬಿ ತಂದ ಹೆಂಡತಿ ನಾಣ್ಯವನ್ನು ಎತ್ತಿ ಈ ಕಡೆ ನೋಡಿದಳು, ಆ ಕಡೆ ನೋಡಿದಳು.

"ರಾಜ ಎಲ್ರೀ?"

ಪಾಲಿಶಪ್ಪ ಉಜ್ಜಿದ ಬಟ್ಟೆಯನ್ನು ತೋರಿಸಿದ. ಬಟ್ಟೆಯ ಮೇಲೆ ರಾಜ ಹಳದಿ ಪುಡಿಯಾಗಿ ಹರಡಿಕೊಂಡಿದ್ದ.

"ಅಮ್ಮನಿಗೆ ಏನಂತ ಹೇಳ್ತೀರಿ?"

"ಹೇಳ್ತೀನಿ. ನಾಳೆ ಸಂಜೆ ಹೇಳೇಬಿಡ್ತೀನಿ," ಎಂದ ಪಾಲಿಶಪ್ಪ. ಮಾವನ ಮೂಗನ್ನು ಒಂದು ಮಧ್ಯಾಹ್ನದಲ್ಲಿ ಸವೆಸಿದ ಅಳಿಯ ಲೋಕದಲ್ಲಿ ತಾನೊಬ್ಬನೇ ಇರಬೇಕು ಎಂದುಕೊಂಡು ಊಟ ಬಿಟ್ಟ.

ಮರುದಿನ ಸಂಘಕ್ಕೆ ಹೋಗದೆ ಇರಬಹುದಿತ್ತು. ಆದರೆ ಚಿನ್ನದ ನಾಣ್ಯ ತರುತ್ತೇನೆಂದು ಚೀಟಿ ಬರೆದು ಕಳಿಸಿಯಾಗಿತ್ತು. ಸಂಘದವರು ಆರನೆಯ ಕುರ್ಚಿಗೆ ಮೆತ್ತೆಯನ್ನೂ ಹೊಲಿಸಿದ್ದರು. ಪಾಲಿಶಪ್ಪ ನಾಣ್ಯವನ್ನು ಅಧ್ಯಕ್ಷರ ಅಂಗೈಯಲ್ಲಿಟ್ಟ. ಅಧ್ಯಕ್ಷರು ಕನ್ನಡಕ ಏರಿಸಿ ನೋಡಿದರು. ತಿರುಗಿಸಿದರು. ಮತ್ತೆ ತಿರುಗಿಸಿದರು. ಇದೇನೆಂದು ಅವರಿಗೆ ತಿಳಿಯಲಿಲ್ಲ. ಹಾಗೆಂದು ಹೇಳಲು ನಾಲಗೆಗೆ ಅಭ್ಯಾಸವಿಲ್ಲ.

"ಇದರ ಮೇಲೆ ಏನೂ ಇಲ್ಲವಲ್ಲ," ಎಂದು ಬೆಂಚಿನಿಂದ ಯಾರೋ ಗೊಣಗಿದರು.

"ಇರೋದಾದರೂ ಹೇಗೆ?" ಎಂದರು ಅಧ್ಯಕ್ಷರು. ಅವರ ದನಿಗೆ ಒಮ್ಮೆಲೇ ಬಲ ಬಂತು. "ನಾಣ್ಯದ ಮೇಲೆ ಮುಖ ಯಾವಾಗ ಬಂತು? ರಾಜರಿಗೆ ಅಹಂಕಾರ ಬಂದ ಮೇಲೆ. ಅದಕ್ಕೂ ಹಿಂದಿನ ರಾಜರು ವಿನಯವಂತರು. ತಮ್ಮ ಮುಖ ಹಾಕಿಸ್ಕೊಳ್ಳೋಕೆ ನಾಚಿಕೊಳ್ತಿದ್ರು. ಇದು ಆ ಕಾಲದ್ದು. ಮುಖಪೂರ್ವ ಯುಗದ್ದು."

"ನಾನೂ ಅದನ್ನೇ ಹೇಳೋಣ ಅಂತಿದ್ದೆ," ಎಂದರು ಔಷಧಿ ಅಂಗಡಿಯವರು.

"ಕಂಡ ಕೂಡಲೇ ಅನ್ನಿಸಿತು," ಎಂದರು ಹಲ್ಲಿನ ಡಾಕ್ಟರು.

ಪಾಲಿಶಪ್ಪ ಎದ್ದು ನಿಂತು, "ಸ್ವಾಮಿ, ಅದು ಹಾಗಲ್ಲ, ನಿನ್ನೆ ಮಧ್ಯಾಹ್ನ ಏನಾಯ್ತು ಅಂದ್ರೆ," ಎಂದು ಶುರುಮಾಡುವಷ್ಟರಲ್ಲಿ ಇಬ್ಬರು ಅವನ ಹೆಗಲು ಒತ್ತಿ ಮೆತ್ತೆ ಕುರ್ಚಿಯ ಮೇಲೆ ಕೂರಿಸಿದರು. ಕೈಗೆ ಕಪ್ಪು ಬಂತು, ಕಪ್ಪಿನಡಿ ಸಾಸರು. ಮನುಷ್ಯ ಮೆತ್ತೆಯ ಮೇಲೆ ಕೂತಾಗ ಸತ್ಯ ಹೇಳುವುದು ಎಷ್ಟು ಕಷ್ಟ ಎಂಬುದು ಬೆಂಚಿನ ಮೇಲೆ ಕೂತವರಿಗೆ ತಿಳಿಯುವುದಿಲ್ಲ. ಇಂಥ ಅಪರೂಪದ ವಸ್ತುವನ್ನು ಮನೆಯಲ್ಲಿಡುವುದು ತರವಲ್ಲ, ಅಧ್ಯಯನ ಮುಗಿಯುವ ತನಕ ಸಂಘದ ಕಬ್ಬಿಣದ ಪೆಟ್ಟಿಗೆಯಲ್ಲಿರಲಿ ಎಂದು ತೀರ್ಮಾನವಾಯಿತು. ಪಾಲಿಶಪ್ಪನಿಗೆ ಹೋದ ಜೀವ ಬಂದಂತಾಯಿತು. ಪೆಟ್ಟಿಗೆಯಲ್ಲಿರುವ ತನಕ ಅತ್ತೆಗೆ ತೋರಿಸಬೇಕಾಗಿಲ್ಲ.

ಅತ್ತೆ ಮರುದಿನ ಬೆಳಿಗ್ಗೆ ಕೇಳಿದರು. "ಅಳಿಯಂದ್ರೇ, ನನ್ನ ರಾಜ ಹೇಗಿದ್ದಾನೆ?"

"ಚೆನ್ನಾಗಿದ್ದಾನೆ ಅತ್ತೆ. ಅಧ್ಯಯನ ನಡೀತಿದೆ."

ಅದರ ಮರುದಿನವೂ ಕೇಳಿದರು, ಅದರಾಚೆಯ ದಿನವೂ ಕೇಳಿದರು. ಪಾಲಿಶಪ್ಪ ಬೆಳಗಿನ ಹೊತ್ತು ಹಿತ್ತಲ ಬಾಗಿಲಿಂದ ಅಂಗಡಿಗೆ ಹೋಗುವುದನ್ನು ರೂಢಿ ಮಾಡಿಕೊಂಡ. ಅತ್ತೆ ಕುರ್ಚಿಯನ್ನು ಹಿತ್ತಲಿಗೆ ಹಾಕಿಸಿಕೊಂಡರು.

ಅಧ್ಯಕ್ಷರು ಅಷ್ಟಕ್ಕೇ ಬಿಡಲಿಲ್ಲ. ‘ಮುಖಪೂರ್ವ ಯುಗ’ ಎಂದು ನಲವತ್ತು ಪುಟದ ಪುಸ್ತಿಕೆ ಬರೆದು ಕೆಳಗಿನ ಮುದ್ರಣಾಲಯದಲ್ಲೇ ಅಚ್ಚುಹಾಕಿಸಿದರು. ನಡುವೆ ನಾಣ್ಯದ ಚಿತ್ರವೆಂದು ಒಂದು ಖಾಲಿ ವೃತ್ತ, ಕೆಳಗೆ ‘ಹಿಂಬದಿಯೂ ಹೀಗೆಯೇ’ ಎಂಬ ಒಕ್ಕಣೆ. ಪತ್ರಿಕೆಯಲ್ಲಿ ಸುದ್ದಿ ಬಂತು. ಎದುರುಮನೆಯಾಕೆ, ಹನ್ನೆರಡು ವರ್ಷದಿಂದ ಒಳಚರಂಡಿಯ ವಿಷಯಕ್ಕೆ ಮಾತು ಬಿಟ್ಟಿದ್ದವಳು, ಮನೆಗೆ ಬಂದು ಪಾಲಿಶಪ್ಪನ ಹೆಂಡತಿಯನ್ನು ಅಕ್ಕ ಎಂದು ಕರೆದಳು. ಹೆಂಡತಿಯ ದೊಡ್ಡಪ್ಪನ ಮಗ ಎಲ್ಲಿದ್ದನೋ, ಹುಡುಕಿಕೊಂಡು ಬಂದ. "ಭಾವ, ನಿಮ್ಮ ಮುಖದಲ್ಲಿ ಮೊದಲಿಂದ್ಲೂ ಒಂದು ಇತಿಹಾಸದ ಕಳೆ ಇತ್ತು," ಎಂದು ಎರಡು ಸಲ ಊಟ ಮಾಡಿ ಹೋದ. ಪಾಲಿಶಪ್ಪನ ಕಾಲು ನೆಲದ ಮೇಲೆ ನಿಲ್ಲಬೇಕಾಗಿರಲಿಲ್ಲ. ಆದರೆ ದಿನಾ ಬೆಳಿಗ್ಗೆ ಹಿತ್ತಲಲ್ಲಿ ಕೇಳುವ ಪ್ರಶ್ನೆಯೊಂದು ಅವನ ಕಾಲನ್ನು ನೆಲಕ್ಕೇ ಹಿಡಿದಿಟ್ಟಿತ್ತು.

ಆಮೇಲೆ ನಡೆದದ್ದನ್ನು ನಂಬುವುದು ಕಷ್ಟ. ಒಂದು ಮಧ್ಯಾಹ್ನ ಔಷಧಿ ಅಂಗಡಿಯವರು ಪಾಲಿಶಪ್ಪನ ಅಂಗಡಿಗೆ ಬಂದು, ರಸ್ತೆಯ ಎರಡೂ ಕಡೆ ನೋಡಿ, ಬಾಗಿಲು ಅರ್ಧ ಎಳೆದರು. ಮಾತ್ರೆಯ ಡಬ್ಬಿಯಿಂದ ತಮ್ಮ ಚಿನ್ನದ ನಾಣ್ಯ ಹೊರಬಂತು. ಅದರ ಮೇಲೆ ರಾಣಿಯೊಬ್ಬಳಿದ್ದಳು.

"ಇದೂ ಮುಖಪೂರ್ವ ಯುಗದ್ದೇ. ಆಮೇಲೆ ಯಾರೋ ಕಿಡಿಗೇಡಿಗಳು ಮುಖ ಕೂರಿಸಿಬಿಟ್ಟಿದ್ದಾರೆ. ಸ್ವಲ್ಪ ಮೂಲ ಸ್ಥಿತಿಗೆ ತಂದುಕೊಡಿ."

"ಬೇಡ ಸ್ವಾಮಿ. ರಾಣಿ ಚೆನ್ನಾಗಿದ್ದಾರೆ."

"ನಿಮ್ಮದು ಮಾತ್ರ ಪ್ರಾಚೀನ ಆಗಿರಬೇಕು, ನಮ್ಮದು ನಿನ್ನೆ ಮೊನ್ನೆಯದು, ಅಲ್ವಾ?"

ಪಾಲಿಶಪ್ಪ ತಲೆ ತಗ್ಗಿಸಿ ಚಕ್ರ ತಿರುಗಿಸಿದ. ವಾರದೊಳಗೆ ಹಲ್ಲಿನ ಡಾಕ್ಟರು ಒಂದು ಸಿಂಹ ತಂದರು. ಹೂಂಗುಟ್ಟುವ ಇಬ್ಬರು ಬೇರೆಬೇರೆ ದಿನ ಬಂದು ಒಂದು ಹಡಗು, ಒಬ್ಬ ಗಡ್ಡದ ಚಕ್ರವರ್ತಿಯನ್ನು ಒಪ್ಪಿಸಿ ಹೋದರು. ಕೊನೆಗೆ ಅಧ್ಯಕ್ಷರೇ ಛತ್ರಿ ಅಡ್ಡ ಹಿಡಿದುಕೊಂಡು ಬಂದರು. ಅವರ ನಾಣ್ಯ ಎಲ್ಲರದ್ದಕ್ಕಿಂತ ದೊಡ್ಡದು, ಅದರ ಮೇಲೆ ಮುಂಗಾಲೆತ್ತಿದ ಕುದುರೆ. ಅಂಥ ಕುದುರೆಯನ್ನು ಪಾಲಿಶಪ್ಪ ಬಾಲದ ಕಡೆಯಿಂದ ಉಜ್ಜುತ್ತಾ ಬಂದು ಮುಖವನ್ನು ಕೊನೆಯಲ್ಲಿ ಅಳಿಸಿದ. ಯಾರಿಗೂ ಹೇಳಕೂಡದೆಂದು ಐವರೂ ಅವನಿಂದ ಆಣೆ ಹಾಕಿಸಿಕೊಂಡರು. ತನ್ನೊಬ್ಬನದೇ ಗುಟ್ಟು ಎಂದು ಐವರೂ ನಂಬಿದ್ದರು.

ಹೀಗೆ ಎರಡು ತಿಂಗಳಲ್ಲಿ ಸಂಘದ ಚಿನ್ನವೆಲ್ಲ ಕೋಟಿನ ಗುಂಡಿಗಳಂತೆ ನುಣ್ಣಗಾಯಿತು. ಇದು ವಸ್ತುಸಂಗ್ರಹಾಲಯದವರ ಕಿವಿಗೆ ಬಿತ್ತು. ಗಾಜಿನ ಪೆಟ್ಟಿಗೆಯಲ್ಲಿ ಮಾಲೀಕರ ಹೆಸರಿನೊಂದಿಗೆ ಪ್ರದರ್ಶನಕ್ಕಿಡಲು ಒಬ್ಬ ಅಧಿಕಾರಿ ಬರುತ್ತಾರೆಂದು ಕಾಗದ ಬಂತು. ಆ ಸುದ್ದಿಯನ್ನು ಮನೆಯಲ್ಲಿ ಹೇಳಲೇಬಾರದೆಂದುಕೊಂಡಿದ್ದ ಪಾಲಿಶಪ್ಪ. ಎದುರುಮನೆಯಾಕೆ ಹೇಳಿಬಿಟ್ಟಿದ್ದಳು.

"ನಾನೂ ಬರ್ತೀನಿ," ಎಂದರು ಅತ್ತೆ. "ಪ್ರದರ್ಶನಕ್ಕೆ ಹೋಗೋ ಮುಂಚೆ ಒಂದು ಸಲ ಮುಖ ನೋಡ್ಕೊಂಡು ಬರ್ತೀನಿ."

ಆ ದಿನ ಮಹಡಿ ತುಂಬಿತ್ತು. ಅಧಿಕಾರಿ ಮೂಗಿನ ಮೇಲೆ ಕನ್ನಡಕ, ಕೈಯಲ್ಲಿ ನಮೂನೆಯ ಹಾಳೆ ಹಿಡಿದು ಕೂತಿದ್ದರು. ಮೇಜಿನ ಮೇಲೆ ಮಖಮಲ್ಲು ಹಾಸಿದ ಹರಿವಾಣದಲ್ಲಿ ಆರು ನಾಣ್ಯ. ಹಾಳೆಯಲ್ಲಿ ‘ಮುಂಬದಿ’ ಎಂದಿದ್ದಲ್ಲಿ ಅಧಿಕಾರಿ ‘ಇಲ್ಲ’ ಎಂದು ಬರೆದರು. ‘ಹಿಂಬದಿ’ ಎಂದಿದ್ದಲ್ಲಿಯೂ ‘ಇಲ್ಲ’ ಎಂದು ಬರೆದರು. ಇಷ್ಟು ಬೇಗ ತುಂಬಿದ ಹಾಳೆಯನ್ನು ಅವರು ತಮ್ಮ ನೌಕರಿಯಲ್ಲಿ ಕಂಡಿರಲಿಲ್ಲ, ಮುಖದಲ್ಲಿ ಸಂತೋಷ ಕಾಣುತ್ತಿತ್ತು. ಅಷ್ಟರಲ್ಲಿ ಅತ್ತೆ ಮೆಟ್ಟಿಲು ಹತ್ತಿ, ಏದುಸಿರು ಬಿಡುತ್ತಾ, ನೇರ ಮೇಜಿನ ಹತ್ತಿರ ಬಂದರು.

"ಇದರಲ್ಲಿ ನನ್ನದು ಯಾವುದು?"

ಔಷಧಿ ಅಂಗಡಿಯವರು ಹರಿವಾಣ ಜೋಡಿಸುವಾಗ ಎಲ್ಲವನ್ನೂ ಒಂದೇ ಬಟ್ಟೆಯಲ್ಲಿ ಒರೆಸಿ ಇಟ್ಟಿದ್ದರು. ದೊಡ್ಡದೊಂದನ್ನು ಬಿಟ್ಟರೆ ಯಾವುದು ಯಾರದೆಂದು ಅವರಿಗೂ ಗೊತ್ತಿರಲಿಲ್ಲ. ಅದು ಗೊತ್ತಿದ್ದದ್ದು ಪಾಲಿಶಪ್ಪನೊಬ್ಬನಿಗೆ, ಅವನು ತನ್ನ ಚಪ್ಪಲಿಯನ್ನು ನೋಡುತ್ತಿದ್ದ.

"ನನ್ನದರಲ್ಲಿ ರಾಜ ಇದ್ದ," ಎಂದರು ಅತ್ತೆ.

"ಇರಲಿಲ್ಲಮ್ಮ," ಎಂದರು ಅಧ್ಯಕ್ಷರು, ದಡ್ಡ ಮಗುವಿಗೆ ಮಗ್ಗಿ ಹೇಳುವ ದನಿಯಲ್ಲಿ. "ಮುಖವಿಲ್ಲದ್ದೇ ಹೆಚ್ಚು ಹಳೆಯದು. ಪುಸ್ತಕದಲ್ಲಿದೆ. ನಿಮಗೆ ವಯಸ್ಸಾಯಿತು, ನೆನಪು ಕಲಸಿಹೋಗಿದೆ."

ಅತ್ತೆ ಅವರ ಕಡೆ ನೋಡಲೇ ಇಲ್ಲ. "ಅಳಿಯಂದ್ರೇ, ನೀವು ಹೇಳಿ. ರಾಜ ಇದ್ದನೋ ಇಲ್ವೋ?"

ಪಾಲಿಶಪ್ಪನ ಕಣ್ಣಮುಂದೆ ಮೆತ್ತೆ, ಕಪ್ಪು, ಸಾಸರು, ಪತ್ರಿಕೆಯ ಸುದ್ದಿ ಎಲ್ಲ ಸುಳಿದವು. ಒಂದೇ ಮಾತು, ‘ಇರಲಿಲ್ಲ’ ಎಂದುಬಿಟ್ಟರೆ ಎಲ್ಲವೂ ಉಳಿಯುತ್ತಿತ್ತು. ಅತ್ತೆ ಈ ಊರಿನ ಬಾಯಲ್ಲಿ ಅರಳುಮರಳಿನ ಮುದುಕಿಯಾಗುತ್ತಿದ್ದರು, ಅಷ್ಟೇ. ಅವನಿಗೆ ಅದನ್ನು ತಡೆಯಲಾಗಲಿಲ್ಲ.

"ಇದ್ದ ಅತ್ತೆ. ಮೂಗು ಮಾವಂದೇ ಆಗಿತ್ತು. ನಾನೇ ಉಜ್ಜಿ ಹಾಳುಮಾಡಿದೆ. ಕೊಳೆ ಅಂತ ಶುರುಮಾಡಿದೆ, ಕೈ ನಿಲ್ಲಲಿಲ್ಲ. ತಪ್ಪಾಯ್ತು."

ಮೆತ್ತೆ ಕುರ್ಚಿಯ ಐವರ ಮುಖ ಸುಣ್ಣ ಬಳಿದಂತಾಯಿತು. ಇವನು ತನ್ನದು ಹೇಳಿದವನು ಇನ್ನೊಂದು ಗಳಿಗೆಯಲ್ಲಿ ನನ್ನದನ್ನೂ ಹೇಳಿಬಿಟ್ಟರೆ ಎಂದು ಐವರೂ ಒಟ್ಟಿಗೆ ಬೆವರಿದರು. ಮೊದಲು ಸಾವರಿಸಿಕೊಂಡವರು ಅಧ್ಯಕ್ಷರು.

"ಪಾಲಿಶಪ್ಪನವರದು ಅತಿಯಾದ ವಿನಯ. ಇಂಥ ನಾಣ್ಯ ತಮ್ಮಲ್ಲಿದೆ ಅನ್ನೋಕೂ ಸಂಕೋಚ. ಈ ನಾಣ್ಯವನ್ನು ಯಾರೂ ಉಜ್ಜಿಲ್ಲ ಅಂತ ನಿರ್ಣಯ ಮಂಡಿಸ್ತೀನಿ."

"ಅನುಮೋದಿಸ್ತೀನಿ," ಎಂದರು ಔಷಧಿ ಅಂಗಡಿಯವರು.

"ಯಾವ ನಾಣ್ಯವನ್ನೂ ಯಾರೂ ಉಜ್ಜಿಲ್ಲ ಅಂತ ಸೇರಿಸಿಬಿಡಿ," ಎಂದರು ಹಲ್ಲಿನ ಡಾಕ್ಟರು.

ಐದು ಕೈ ಮೇಲೆದ್ದವು. ಬೆಂಚಿನವರು ತಮ್ಮ ಹಕ್ಕಿನಂತೆ ತಲೆಯಾಡಿಸಿದರು. ಅಧಿಕಾರಿ ನಿರ್ಣಯದ ಒಂದು ಪ್ರತಿಯನ್ನು ಹಾಳೆಗೆ ಲಗತ್ತಿಸಿಕೊಂಡರು. ರಾಜ ಎಂದೂ ಇರಲಿಲ್ಲ ಎಂಬುದು ಅಲ್ಲಿಗೆ ಸರ್ಕಾರಿ ದಾಖಲೆಯಾಯಿತು.

ಅತ್ತೆ ಎಲ್ಲವನ್ನೂ ಸಮಾಧಾನದಿಂದ ಕೇಳಿದರು. "ಸರಿ. ಯಾವುದರಲ್ಲೂ ಏನೂ ಇರಲಿಲ್ಲ. ಎಲ್ಲಾ ಒಂದೇ. ಹಾಗಾದ್ರೆ ನನ್ನದನ್ನ ನಾನು ತಗೊಂಡು ಹೋಗ್ತೀನಿ, ನನಗೆ ಪ್ರದರ್ಶನ ಬೇಡ," ಎಂದು ಹರಿವಾಣದ ನಾಣ್ಯಗಳನ್ನು ಒಂದೊಂದಾಗಿ ಅಂಗೈಯಲ್ಲಿ ತೂಗಿ ನೋಡಿ, ಎಲ್ಲಕ್ಕಿಂತ ದೊಡ್ಡದನ್ನು ತಮ್ಮ ಚೀಲಕ್ಕೆ ಹಾಕಿಕೊಂಡರು.

ಅಧ್ಯಕ್ಷರು ಕುರ್ಚಿಯಿಂದ ಅರ್ಧ ಎದ್ದರು. "ಅಮ್ಮ, ಅದು ನಿಮ್ಮದಲ್ಲ. ನನ್ನದು."

"ಹೌದಾ? ಹೇಗೆ ಗೊತ್ತಾಯ್ತು? ದೊಡ್ಡದು ಅನ್ನಬೇಡಿ, ಮೇಲೆ ಏನು ಗುರುತಿತ್ತು ಹೇಳಿ."

"ಅದರಲ್ಲಿ," ಎಂದರು ಅಧ್ಯಕ್ಷರು. ಅಷ್ಟಕ್ಕೇ ನಿಂತರು. ಮೇಜಿನ ಮೇಲೆ ನಲವತ್ತು ಪುಟದ ಪುಸ್ತಿಕೆ ಇತ್ತು. ಪಕ್ಕದಲ್ಲಿ ಇನ್ನೂ ಶಾಯಿ ಆರದ ನಿರ್ಣಯ. ಅಧಿಕಾರಿ ಪೆನ್ನು ಎತ್ತಿ ಹಿಡಿದು, "ಅದರಲ್ಲಿ ಏನಿತ್ತು ಸಾರ್?" ಎಂದು ಕೇಳಿದರು. ಅಧ್ಯಕ್ಷರು ಪುಸ್ತಿಕೆಯನ್ನು ನೋಡಿದರು, ಅತ್ತೆಯ ಚೀಲವನ್ನು ನೋಡಿದರು. ಆಮೇಲೆ ನಿಧಾನವಾಗಿ ಕೂತರು.

"ಏನಿಲ್ಲ. ನಿಮ್ಮದೇ ಇರಬೇಕಮ್ಮ."

ಮೆಟ್ಟಿಲಿಳಿಯುವಾಗ ಪಾಲಿಶಪ್ಪ ಅತ್ತೆಯ ಹಿಂದೆ ಓಡಿಬಂದ. "ಅತ್ತೆ, ಅದು ನಿಜವಾಗಿಯೂ ಅವರದು."

"ಗೊತ್ತು. ನನ್ನದು ಇಷ್ಟು ಭಾರ ಇರ್ಲಿಲ್ಲ. ಆರರ ಮೇಲೂ ನಿಮ್ಮ ಕೈಯ ಹೊಳಪೇ ಕಾಣ್ತಿತ್ತು. ಅವರು ಬಂದು, ಇದನ್ನ ಉಜ್ಜಿಸಿದ್ದು ಹೌದು ಅಂತ ಒಂದು ಮಾತು ಹೇಳಲಿ. ಅವರದು ಅವರಿಗೆ ಕೊಟ್ಟು ನನ್ನದು ತಗೋತೀನಿ. ನೀವು ಹೇಳಲಿಲ್ವಾ?"

"ನಾನು ಹೇಳೋಕೆ ಎರಡು ತಿಂಗಳು ಹಿಡೀತಲ್ಲ ಅತ್ತೆ."

"ಹೂಂ, ನಾನೂ ಎಣಿಸ್ತಾ ಇದ್ದೆ. ಮಗಳು ನನಗೆ ಆ ಶನಿವಾರವೇ ಹೇಳಿದ್ಲು. ಎರಡು ದಿನ ಕಣ್ಣೀರು ಹಾಕಿದೆ. ಆಮೇಲೆ, ಇವರಾಗೇ ಯಾವತ್ತು ಹೇಳ್ತಾರೆ ನೋಡೋಣ ಅಂತ ದಿನಾ ಕೇಳ್ತಾ ಬಂದೆ." ಅತ್ತೆ ಕಟಕಟೆ ಹಿಡಿದು ಇನ್ನೊಂದು ಮೆಟ್ಟಿಲು ಇಳಿದರು. "ನಿಮ್ಮ ಮಾವನೂ ಹೀಗೇ. ತಪ್ಪು ಒಪ್ಕೊಳ್ಳೋಕೆ ಎರಡು ತಿಂಗಳು ಬೇಕಾಗ್ತಿತ್ತು. ಕೈ ಕೊಡಿ, ಮೆಟ್ಟಿಲು ಕಡಿದಾಗಿದೆ."

ಪಾಲಿಶಪ್ಪ ಕೈ ಕೊಟ್ಟ. ಅವನ ಕಣ್ಣು ಮಂಜಾಗಿತ್ತು, ಆದರೆ ಒರೆಸಿಕೊಳ್ಳಲು ಹೋಗಲಿಲ್ಲ.

ಈಗ ಅಧ್ಯಕ್ಷರು ವಾರಕ್ಕೆರಡು ಸಂಜೆ ಆ ಮನೆಗೆ ಬರುತ್ತಾರೆ. ಮುಂದಿನ ಕೋಣೆಯಲ್ಲಿ ಕೂರುತ್ತಾರೆ. ಅತ್ತೆ ದೊಡ್ಡ ನಾಣ್ಯವನ್ನು ತಂದು ಅವರೆದುರಿನ ಮೇಜಿನ ಮೇಲಿಟ್ಟು, ತಾವೂ ಕುರ್ಚಿ ಎಳೆದುಕೊಂಡು ಕೂತು ಕಾಯುತ್ತಾರೆ. ಅಧ್ಯಕ್ಷರು ಗಂಟಲು ಸರಿಮಾಡಿಕೊಳ್ಳುತ್ತಾರೆ.

"ಏನೋ ಹೇಳೋದಿತ್ತೇನೋ, ಮೇಷ್ಟ್ರೇ?"

"ಏನಿಲ್ಲಮ್ಮ. ಒಂದು ಲೋಟ ನೀರು ಸಿಗುತ್ತಾ ಅಂತ."